ದೊಡ್ಡಪ್ಪನ ಚಿಪ್ಪಿನ ಪೆಟ್ಟಿಗೆ: ತೊಳೆಯುವ ಮುಂಚೆ ಬರೆದಿಡಿ

ಹಿರಿಯರು ಬಿಟ್ಟುಹೋದ ಶಂಖ, ಕವಡೆ, ಚಿಪ್ಪುಗಳ ಡಬ್ಬಿ ನಿಮ್ಮ ಕೈಗೆ ಬಂದಿದೆಯಾ? ಹಾಗಿದ್ದರೆ ದಯವಿಟ್ಟು ಅದನ್ನು ಹಾಸಿಗೆಯ ಮೇಲೆ ಸುರಿಯಬೇಡಿ. ನಾನು ಸುರಿದೆ. ಆ ನೋವು ಇನ್ನೂ ಹೋಗಿಲ್ಲ.

ನಮ್ಮ ದೊಡ್ಡಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ಕೆಲಸದ ಮೊದಲ ವರ್ಷಗಳು ತಮಿಳುನಾಡಿನ ಕಡಲ ತೀರದ ಮಂಡಪಂ, ಧನುಷ್ಕೋಡಿ ಕಡೆ ಕಳೆದವು. ಆಮೇಲೆ ತೂತ್ತುಕುಡಿ. ರಿಟೈರ್ ಆಗಿ ತುಮಕೂರಿನ ಚಿಕ್ಕಪೇಟೆ ಮನೆಗೆ ಬಂದಾಗ ಒಂದು ತೇಗದ ಪೆಟ್ಟಿಗೆ ತಂದರು. ವರ್ಷಕ್ಕೊಮ್ಮೆ, ದಸರಾ ಗೊಂಬೆ ಕೂರಿಸುವಾಗ ಮಾತ್ರ ಅದರ ಬೀಗ ತೆಗೆಯುತ್ತಿದ್ದರು. ಕೆಳಗಿನ ಮೆಟ್ಟಿಲಲ್ಲಿ ಮರಳು ಹರಡಿ ನಾಲ್ಕೈದು ಚಿಪ್ಪು ಜೋಡಿಸುವರು. ಹಬ್ಬ ಮುಗಿದ ಮೇಲೆ ತಾವೇ ಸುತ್ತಿ ಒಳಗಿಡುವರು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ನನ್ನನ್ನು ಕರೆದು, "ಇದನ್ನ ನೀನೇ ತಗೊಂಡ್ಹೋಗೇ ಪುಟ್ಟಿ. ಕಾಗದ ಪತ್ರ ಜೋಪಾನ ಮಾಡಿ ನಿಂಗೆ ಅಭ್ಯಾಸ ಇದೆ" ಅಂದರು. ನಾನು 31 ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವಳು.

ಅಂಥವಳೇ ಅವತ್ತು ಎಚ್ಚರ ತಪ್ಪಿದೆ. ತಂಗಿಯ ಮೊಮ್ಮಕ್ಕಳು ಬಂದಿದ್ದರು. ಅವರ ಖುಷಿ ನೋಡಿ ಎಲ್ಲವನ್ನೂ ಒಂದು ಬೆಡ್‌ಶೀಟ್ ಮೇಲೆ ಹರಡಿದೆ. ಒಟ್ಟು 140 ಚಿಪ್ಪು. ದೊಡ್ಡಪ್ಪ ಹಳೇ ರೈಲ್ವೆ ಫಾರಂ ಕತ್ತರಿಸಿ, ಪೆನ್ಸಿಲಿನಲ್ಲಿ ಊರು, ತಾರೀಖು ಬರೆದು, ಚೀಟಿಗಳನ್ನು ಚಿಪ್ಪಿನ ಬಾಯೊಳಗೆ ಮಡಿಸಿ ಇಟ್ಟಿದ್ದರು. ಫ್ಯಾನ್ ತಿರುಗುತ್ತಿತ್ತು. ಹತ್ತು ನಿಮಿಷದಲ್ಲಿ 23 ಚೀಟಿಗಳು ಯಾವ ಚಿಪ್ಪಿನವು ಅಂತ ಹೇಳಲಾಗದೆ ಹೋದವು.

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಚಿಪ್ಪಿಗಿಂತ ಆ ಚೀಟಿ ದೊಡ್ಡದು. ಒಂದು ಚೀಟಿಯಲ್ಲಿ "ಧನುಷ್ಕೋಡಿ, ಸ್ಟೇಷನ್ ಹಿಂದೆ, 14-3-63, ಇಳಿತ" ಅಂತಿದೆ. 1964ರ ಡಿಸೆಂಬರ್ 22ರ ರಾತ್ರಿ ಬಂದ ಚಂಡಮಾರುತದಲ್ಲಿ ಆ ಊರು, ಆ ಸ್ಟೇಷನ್ ಎಲ್ಲ ಕೊಚ್ಚಿಹೋಯಿತು. ಮತ್ತೆ ಅಲ್ಲಿಗೆ ರೈಲು ಹೋಗಲಿಲ್ಲ. ಆ ಚೀಟಿ ಇಲ್ಲದಿದ್ದರೆ ಅದು ಬರೀ ಒಂದು ಬಿಳಿ ಚಿಪ್ಪು, ಯಾವ ಕಡಲ ತೀರದ ಅಂಗಡಿಯಲ್ಲಾದರೂ ಸಿಗುತ್ತೆ.

ಮೊದಲ ದಿನ

ಫ್ಯಾನ್ ಆಫ್ ಮಾಡಿ. ಮಕ್ಕಳಿಗೆ ಆಮೇಲೆ ತೋರಿಸೋಣ ಅನ್ನಿ. ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿ ಟೇಬಲ್ ಮೇಲೆ ಟವೆಲ್ ಹಾಸಿ. ಮುಚ್ಚಳ ತೆಗೆದ ತಕ್ಷಣ, ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ. ಒಂದು ಪದರ ತೆಗೆದ ಮೇಲೆ ಇನ್ನೊಂದು ಫೋಟೊ. ಯಾವುದರ ಪಕ್ಕ ಯಾವುದಿತ್ತು ಅನ್ನುವುದೂ ಒಂದು ಮಾಹಿತಿಯೇ.

ಒಂದೊಂದೇ ಚಿಪ್ಪು ತೆಗೆಯಿರಿ. ಅದರ ಜೊತೆ ಇದ್ದದ್ದೆಲ್ಲ, ಅಂದರೆ ಚೀಟಿ, ದಾರ, ಎಲ್ಲವೂ ಒಂದೇ ಜಿಪ್ ಕವರಿಗೆ. ಕವರಿಗೊಂದು ನಂಬರ್. ದಿನಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಮಾಡಬೇಡಿ, ಕಣ್ಣು ದಣಿದರೆ ತಪ್ಪಾಗುತ್ತೆ. ಸುತ್ತಿದ ನ್ಯೂಸ್‌ಪೇಪರನ್ನು ಕಸಕ್ಕೆ ಹಾಕುವ ಮುಂಚೆ ಬಿಡಿಸಿ ನೋಡಿ. ನಮ್ಮ ಪೆಟ್ಟಿಗೆಯಲ್ಲಿ ತಮಿಳು ಪತ್ರಿಕೆಯ ತುಂಡುಗಳಿದ್ದವು, ಎರಡರಲ್ಲಿ ತಾರೀಖು ಉಳಿದಿತ್ತು. ಚೀಟಿ ಇಲ್ಲದ ಆರು ಚಿಪ್ಪುಗಳಿಗೆ ಅಂದಾಜು ವರ್ಷ ಸಿಕ್ಕಿದ್ದು ಅದರಿಂದಲೇ. ಆ ಕಾಗದದ ಫೋಟೊ ತೆಗೆದು ಬೇರೆ ಕವರಿನಲ್ಲಿಡಿ, ಚಿಪ್ಪಿನ ಜೊತೆ ವಾಪಸ್ ಇಡಬೇಡಿ. ಪತ್ರಿಕೆ ಕಾಗದ ಹಳೆಯದಾದಂತೆ ಹುಳಿಯಾಗುತ್ತೆ. ಹುಳಿ ಚಿಪ್ಪಿಗೆ ಶತ್ರು.

ರಿಜಿಸ್ಟರ್ ಒಂದು ಮಾಡಿ. ಉದ್ದ ನೋಟ್‌ಬುಕ್ ಸಾಕು. ನಂಬರ್, ಎಲ್ಲಿ ಸಿಕ್ಕಿದ್ದು, ಯಾವಾಗ, ಯಾರು ಆರಿಸಿದ್ದು, ಉದ್ದ ಎಷ್ಟು ಮಿಲಿಮೀಟರ್, ಚೀಟಿಯಲ್ಲಿ ಬರೆದದ್ದು ಏನು. ಚೀಟಿಯ ಮಾತನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ, ತಪ್ಪಿದ್ದರೂ ತಿದ್ದಬೇಡಿ. ಇವತ್ತಿನ ಹೆಸರಿಗೆ ಪಕ್ಕದಲ್ಲಿ ಇನ್ನೊಂದು ಕಾಲಂ ಬಿಡಿ. ಆ ಹೆಸರನ್ನು ಯಾರು ಹೇಳಿದರು, ಯಾವತ್ತು ಹೇಳಿದರು, ಅದೂ ಬರಲಿ. ಬರೆಯುವುದು ಪೆನ್ಸಿಲಿನಲ್ಲೇ. ದೊಡ್ಡಪ್ಪನ ಪೆನ್ಸಿಲ್ ಅಕ್ಷರ ಅರವತ್ತು ವರ್ಷವಾದರೂ ಕಪ್ಪಗಿದೆ. ಅವರೇ ಇಂಕಿನಲ್ಲಿ ಬರೆದ ನಾಲ್ಕು ಚೀಟಿಗಳು ತೇವಕ್ಕೆ ಹರಡಿ ನೀಲಿ ಕಲೆ ಮಾತ್ರ ಉಳಿದಿದೆ.

ಹುಳಿ ವಾಸನೆ, ಬಿಳಿ ಪುಡಿ

ಪೆಟ್ಟಿಗೆ ತೆಗೆದಾಗ ವಿನಿಗರ್ ತರಹ ವಾಸನೆ ಬಂದರೆ ಹುಷಾರಾಗಿ. ನಮ್ಮದರಲ್ಲಿ ಬಂತು. ತಳದಲ್ಲಿದ್ದ ಹನ್ನೊಂದು ಚಿಪ್ಪುಗಳ ಮೇಲೆ ಬೂಷ್ಟಿನ ಹಾಗೆ ಬಿಳಿ ಪುಡಿ ಕೂತಿತ್ತು. ಬೂಷ್ಟು ಅಂತಲೇ ಅಂದುಕೊಂಡೆ. ಅಲ್ಲ.

ಚಿಪ್ಪು ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪು ಸುಟ್ಟು ಎಲೆ ಅಡಿಕೆಗೆ ಸುಣ್ಣ ಮಾಡುತ್ತಾರಲ್ಲ, ಅದು ಈ ವಸ್ತುವಿನಿಂದಲೇ. ಮರದಿಂದ ಸದಾ ಸ್ವಲ್ಪ ಸ್ವಲ್ಪ ಹುಳಿ ಆವಿ ಹೊರಡುತ್ತಿರುತ್ತೆ, ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲ ಮತ್ತು ಫಾರ್ಮಿಕ್ ಆಮ್ಲ. ಪ್ಲೈವುಡ್, ರಟ್ಟು, ಅಂಟು ಇವುಗಳಿಂದಲೂ ಬರುತ್ತೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿಗೆ ಹೋಗಲು ದಾರಿಯಿಲ್ಲ. ಮಳೆಗಾಲದ ತೇವವೂ ಸೇರಿದರೆ ಅದು ಚಿಪ್ಪನ್ನೇ ತಿಂದು ಉಪ್ಪಿನಂಥ ಪುಡಿ ಮಾಡುತ್ತೆ. ಇದಕ್ಕೆ ಬೈನ್ ರೋಗ ಅಂತ ಹೆಸರು. 1899ರಲ್ಲಿ ಇದರ ಬಗ್ಗೆ ಬರೆದ ಬೈನ್ ಎಂಬ ಇಂಗ್ಲಿಷ್ ಸಂಗ್ರಾಹಕರು ಇದು ಬ್ಯಾಕ್ಟೀರಿಯಾದ ಕೆಲಸ ಅಂದುಕೊಂಡಿದ್ದರು. ನಿಜವಾಗಿ ಇದು ರೋಗವೇ ಅಲ್ಲ, ಬರೀ ಆಮ್ಲದ ಕೆಲಸ. ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಆದರೆ ಒಂದೇ ಪೆಟ್ಟಿಗೆಯಲ್ಲಿದ್ದರೆ ಎಲ್ಲಕ್ಕೂ ಅದೇ ಗಾಳಿ, ಅಲ್ವಾ?

ಪುಡಿ ಬಂದ ಚಿಪ್ಪನ್ನು ಮೊದಲು ಮರದಿಂದ ಹೊರಗೆ ತನ್ನಿ. ಮೆತ್ತನೆ ಬ್ರಷ್ಷಿನಿಂದ ಪುಡಿ ಉದುರಿಸಿ. ಡಿಸ್ಟಿಲ್ಡ್ ವಾಟರಿನಲ್ಲಿ ಒಂದು ದಿನ ನೆನೆಸಿ, ನಡುವೆ ಎರಡು ಮೂರು ಸಲ ನೀರು ಬದಲಾಯಿಸಿ. ಬ್ಯಾಟರಿಗೆ ಹಾಕುವ ನೀರು ಅಂತ ಕೇಳಿದರೆ ಸಿಗುತ್ತೆ, ಬಾಟಲಿ ಮೇಲೆ ಡಿಸ್ಟಿಲ್ಡ್ ಅಂತಿರಬೇಕು. ಬ್ಯಾಟರಿ ಆಸಿಡ್ ಬೇರೆ, ಅದು ಬೇಡವೇ ಬೇಡ. ಆಮೇಲೆ ಬಾಯಿ ಕೆಳಗೆ ಮಾಡಿ ನೆರಳಲ್ಲಿ ಒಂದು ವಾರ ಒಣಗಿಸಿ, ಸುರುಳಿಯೊಳಗೆ ನೀರು ಅಡಗಿ ಕೂತಿರುತ್ತೆ. ತಿಂದುಹೋದ ಬಣ್ಣ, ಹೊಳಪು ವಾಪಸ್ ಬರುವುದಿಲ್ಲ. ಮುಂದೆ ತಿನ್ನುವುದು ಮಾತ್ರ ನಿಲ್ಲುತ್ತೆ.

ನಮ್ಮ ಊರಿನವರಿಗೆ ಒಂದು ಮಾತು. ಬೋರ್‌ವೆಲ್ ನೀರಲ್ಲಿ ತೊಳೆದು ಒಣಗಿಸಿದರೂ ಬಿಳಿ ಬರುತ್ತೆ. ಬಕೆಟ್ಟಿನ ಒಳಗೆ ಕಟ್ಟುತ್ತಲ್ಲ, ಅದೇ ಕರೆ. ಅದು ಗಟ್ಟಿಯಾಗಿ, ನೀರು ಆರಿದ ಗೆರೆಯಲ್ಲೇ ಕೂರುತ್ತೆ. ಆಮ್ಲದ ಪುಡಿ ಬೆರಳಿಗೆ ಅಂಟುತ್ತೆ, ಒರೆಸಿದರೆ ಕೆಳಗೆ ಚಿಪ್ಪು ಒರಟಾಗಿರುತ್ತೆ.

ಯಾವುದು ಏನು?

ಮೊದಲು ಸಮುದ್ರದ್ದು ಯಾವುದು, ನಮ್ಮ ಕಡೆಯದು ಯಾವುದು ಅಂತ ಬೇರೆ ಮಾಡಿ. ಹಳೇ ಪೆಟ್ಟಿಗೆಗೆ ಮನೆ ಮಕ್ಕಳು ತಮ್ಮದೂ ಸೇರಿಸಿರುತ್ತಾರೆ. ನಮ್ಮದರಲ್ಲಿ ಅಮಾನಿಕೆರೆಯ ಗುಂಡು ಬಸವನಹುಳುವಿನ ಚಿಪ್ಪು ಮೂರಿದ್ದವು. ತೆಳುವಾಗಿ, ಹಸಿರು ಕಂದು ಬಣ್ಣ. ಅಡಿಕೆ ತೋಟದ ಆಫ್ರಿಕಾ ಶಂಖದ ಹುಳುವಿನದು ಎರಡು. ಅದು ಉದ್ದ, ಮೇಲೆ ಕಂದು ಪಟ್ಟೆ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಸಮುದ್ರದ ಅಷ್ಟೇ ಗಾತ್ರದ ಶಂಖ ಸಾಮಾನ್ಯವಾಗಿ ಇದಕ್ಕಿಂತ ದಪ್ಪ, ಭಾರ. ಇವನ್ನೂ ಎಸೆಯಬೇಡಿ, ಬೇರೆ ಡಬ್ಬಿಯಲ್ಲಿಡಿ. ಹವಳ, ಕಡಲ ಮುಳ್ಳುಚೆಂಡು, ಸಮುದ್ರಕುದುರೆ ಇವು ಚಿಪ್ಪಿನ ಜಾತಿಯೇ ಅಲ್ಲ. ಅವನ್ನೂ ಬೇರೆ ಇಡಿ, ಅದರ ಕಾರಣ ಮುಂದೆ ಹೇಳುತ್ತೇನೆ.

ಉಳಿದದ್ದರಲ್ಲಿ ಸುರುಳಿ ಇರುವವು ಒಂದು ಕಡೆ, ಎರಡು ಹೋಳಿನ ಕಪ್ಪೆಚಿಪ್ಪು ಇನ್ನೊಂದು ಕಡೆ. ಕಪ್ಪೆಚಿಪ್ಪಿನಲ್ಲಿ ಕೀಲಿನ ಹಲ್ಲು ನೋಡಿ, ಒಳಗಡೆ ಸ್ನಾಯು ಅಂಟಿಕೊಂಡಿದ್ದ ಗುರುತು ನೋಡಿ. ಕೀಲಿನ ಹತ್ತಿರ ಡ್ರಿಲ್ ಹಾಕಿದ ಹಾಗೆ ನೀಟಾದ ದುಂಡು ತೂತು ಇದ್ದರೆ, ಅದು ಸರಕ್ಕೆ ಪೋಣಿಸಲು ಮಾಡಿದ್ದಲ್ಲ. ಚಂದ್ರಶಂಖ ಅನ್ನಬಹುದಾದ ಒಂದು ಗುಂಡು ಶಂಖದ ಹುಳು ಕೊರೆದು ಒಳಗಿನ ಜೀವಿಯನ್ನು ತಿಂದ ಗುರುತು. ಹೊರಗಡೆ ಅಗಲ, ಒಳಗಡೆ ಕಿರಿದು. ಇದನ್ನು ಲೆನ್ಸಿನಲ್ಲಿ ನೋಡಿದ ದಿನ ನನಗೆ ರಾತ್ರಿ ಅದೇ ಯೋಚನೆ. ಅರವತ್ತು ವರ್ಷದ ಹಿಂದೆ ಮರಳಿನಡಿ ನಡೆದ ಒಂದು ಬೇಟೆ ತುಮಕೂರಿನ ನನ್ನ ಟೇಬಲ್ ಮೇಲೆ ಕಾಣಿಸುತ್ತಿತ್ತು.

ಸುರುಳಿಯವನ್ನು ನೋಡಲು ಒಂದೇ ಪದ್ಧತಿ ಇಟ್ಟುಕೊಳ್ಳಿ. ಸುರುಳಿಯ ತುದಿ ಮೇಲೆ, ಬಾಯಿ ನಿಮ್ಮ ಕಡೆ. ಫೋಟೊ ತೆಗೆಯುವಾಗಲೂ ಹೀಗೇ. ಬಾಯಿ ಕಡೆಯಿಂದ ಒಂದು, ಬೆನ್ನಿನಿಂದ ಒಂದು, ಮೇಲಿನಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇರಲಿ. ಆಮೇಲೆ ಬಾಯಿಯನ್ನೇ ಗಮನಿಸಿ, ಗುರುತಿನ ಅರ್ಧ ಕೆಲಸ ಅಲ್ಲಿ ಆಗುತ್ತೆ. ಸೀಳಿನಂಥ ಬಾಯಿ, ಎರಡೂ ಕಡೆ ಹಲ್ಲಿದ್ದರೆ ಕವಡೆ. ಸೀಳು ಬಾಯಿ, ಹಲ್ಲಿಲ್ಲ, ಐಸ್‌ಕ್ರೀಮ್ ಕೋನಿನ ಆಕಾರ ಇದ್ದರೆ ಕೋನಸ್. ಅದರ ಹುಳು ಜೀವಂತ ಇದ್ದಾಗ ವಿಷದ ಮುಳ್ಳು ಚುಚ್ಚುತ್ತೆ, ಕೆಲವು ಜಾತಿಯದು ಮನುಷ್ಯರ ಜೀವಕ್ಕೇ ಅಪಾಯ. ಖಾಲಿ ಚಿಪ್ಪಿನಿಂದ ಏನೂ ಆಗದು. ಬಾಯಿ ಕೆಳಗೆ ಉದ್ದ ಕೊಳವೆಯಾಗಿ ಚಾಚಿ ಮೈಯೆಲ್ಲ ಮುಳ್ಳಿದ್ದರೆ ಮ್ಯೂರೆಕ್ಸ್. ದುಂಡು ಬಾಯಿ, ಒಳಗೆ ಮುತ್ತಿನ ಹೊಳಪು ಇದ್ದರೆ ಟರ್ಬೊ ಜಾತಿ ಇರಬಹುದು.

ಟರ್ಬೊ ಹುಳುವಿಗೆ ಬಾಯಿ ಮುಚ್ಚಿಕೊಳ್ಳಲು ಕಲ್ಲಿನಂಥ ಮುಚ್ಚಳ ಇರುತ್ತೆ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ, ಚಪ್ಪಟೆ ಕಡೆ ಸುರುಳಿ ಗೆರೆ. ಪೂಜೆ ಸಾಮಾನಿನ ಅಂಗಡಿಯ ಗೋಮತಿ ಚಕ್ರವೂ ಇಂಥ ಮುಚ್ಚಳವೇ. ಪೆಟ್ಟಿಗೆಯ ತಳದಲ್ಲಿ ಇಂಥದ್ದು ಸಿಕ್ಕರೆ ಕಲ್ಲು ಅಂತ ಬಿಸಾಡಬೇಡಿ. ಯಾವ ಚಿಪ್ಪಿನ ಬಾಯಿಗೆ ಸರಿಯಾಗಿ ಕೂರುತ್ತೆ ನೋಡಿ, ಅದರ ಜೊತೆ ಇಡಿ.

ಕವಡೆಗಳಲ್ಲಿ ಚೌಕಾಬಾರ ಆಡಿದವರಿಗೆಲ್ಲ ಗೊತ್ತಿರುವ ಹಳದಿ, ಅಂಚು ಉಬ್ಬುಬ್ಬಾದ ಪುಟ್ಟದು ಮೊನೆಟೇರಿಯಾ ಮೊನೆಟಾ. ಮಾಲ್ಡೀವ್ಸ್‌ನಿಂದ ಹಡಗಿನಲ್ಲಿ ಬಂದು ಬಂಗಾಳ, ಒರಿಸ್ಸಾ ಕಡೆ 19ನೇ ಶತಮಾನದವರೆಗೂ ಚಿಲ್ಲರೆ ದುಡ್ಡಾಗಿ ಓಡಾಡಿದ್ದು ಇದೇ. ಕವಡೆ ಕಾಸು ಅನ್ನುವ ಮಾತು ಸುಮ್ನೆ ಬಂದದ್ದಲ್ಲ. ಬೆನ್ನ ಮೇಲೆ ಕಿತ್ತಳೆ ಉಂಗುರ ಇದ್ದರೆ ಅದರ ಅಕ್ಕ, ಮೊನೆಟೇರಿಯಾ ಆನ್ಯುಲಸ್. ಮುಷ್ಟಿ ತುಂಬುವಷ್ಟು ದೊಡ್ಡದು, ಕಪ್ಪು ಚುಕ್ಕಿ ಇದ್ದರೆ ಹುಲಿ ಕವಡೆ, ಸೈಪ್ರಿಯಾ ಟೈಗ್ರಿಸ್. ಹಳೇ ಚೀಟಿಯಲ್ಲಿ ಚಿಕ್ಕ ಕವಡೆಗೂ ಸೈಪ್ರಿಯಾ ಅಂತಲೇ ಇರುತ್ತೆ. ತಪ್ಪಲ್ಲ, ಆಗಿನ ಹೆಸರು ಅದು.

ಇನ್ನು ಪೂಜೆಯ ಶಂಖ, ಟರ್ಬಿನೆಲ್ಲಾ ಪೈರಮ್. ತೂತ್ತುಕುಡಿ, ರಾಮೇಶ್ವರದ ಕಡಲಿನ ಹೆಸರಾಂತ ಶಂಖ. ಸಮುದ್ರದಿಂದ ಬಂದಾಗ ಮೇಲೆ ಕಂದು ಸಿಪ್ಪೆ ಇರುತ್ತೆ, ಅದನ್ನು ತೆಗೆದರೆ ಬಿಳಿ. ನಿಮ್ಮದರ ಮೇಲೆ ಸಿಪ್ಪೆ ಉಳಿದಿದ್ದರೆ ಕೊಳೆ ಅಂತ ಕೆರೆಯಬೇಡಿ. ಪೆಟ್ಟಿಗೆ ಸುದ್ದಿ ಹಬ್ಬಿದ ಕೂಡಲೇ ನೆಂಟರೊಬ್ಬರು ಬಂದು "ಬಲಮುರಿ ಇದೆಯಾ, ಲಕ್ಷಗಟ್ಟಲೆ ಬರುತ್ತೆ" ಅಂದರು. ನೀವೇ ನೋಡಿಕೊಳ್ಳಬಹುದು. ತುದಿ ಮೇಲೆ ಮಾಡಿ ಹಿಡಿದಾಗ ಬಾಯಿ ನಿಮ್ಮ ಬಲಕ್ಕಿದ್ದರೆ ಅದು ಎಲ್ಲರ ಮನೆಯ ಸಾಮಾನ್ಯ ಶಂಖ. ಎಡಕ್ಕಿದ್ದರೆ ಮಾತ್ರ ನಮ್ಮವರು ಬಲಮುರಿ ಅನ್ನುವುದು. ಪೂಜೆಯಲ್ಲಿ ತುದಿ ಕೆಳಗೆ ಮಾಡಿ ನೋಡುವುದರಿಂದ ಎಡ ಬಲ ತಿರುಗುತ್ತೆ. ಎಡಕ್ಕಿದ್ದರೂ ನಂಬಬೇಡಿ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಹುಟ್ಟಿನಿಂದಲೇ ಹಾಗೆ ತಿರುಗಿರುವ ಬೇರೊಂದು ಶಂಖ ಇದೆ, ಅದನ್ನೇ ಬಲಮುರಿ ಅಂತ ಮಾರುತ್ತಾರೆ. ಬಾಯೊಳಗೆ ಬೆರಳು ಹಾಕಿ ನಡುವಿನ ಕಂಬ ಮುಟ್ಟಿ. ನಮ್ಮ ಶಂಖಕ್ಕೆ ಅಲ್ಲಿ ಮೂರು ನಾಲ್ಕು ಏರು ಮಡಿಕೆ ಇರುತ್ತೆ. ಅಮೆರಿಕದ ಶಂಖಕ್ಕೆ ಅಲ್ಲಿ ನುಣ್ಣಗಿರುತ್ತೆ.

ಕೆಲವು ಚೀಟಿಗಳಲ್ಲಿ ದೊಡ್ಡಪ್ಪನ ಕನ್ನಡದ ಕೆಳಗೆ ಬೇರೆ ಯಾರದೋ ಕೈಬರಹದಲ್ಲಿ ವೈಜ್ಞಾನಿಕ ಹೆಸರಿದೆ. 1960ರ ದಶಕದಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮುಖ್ಯ ಕಚೇರಿ ಮಂಡಪಂನಲ್ಲೇ ಇತ್ತು. ಅಲ್ಲಿ ಯಾರನ್ನೋ ಕೇಳಿ ಬರೆಸಿಕೊಂಡಿರಬೇಕು ಅಂತ ನನ್ನ ಊಹೆ. ಆ ಸಂಸ್ಥೆ ಈಗ ಕೊಚ್ಚಿಯಲ್ಲಿದೆ, ಮಂಗಳೂರಿನಲ್ಲೂ ಅದರ ಕೇಂದ್ರ ಇದೆ. ನಿಮಗೆ ಗುರುತು ಹತ್ತದ್ದಕ್ಕೆ ಮೂರು ಫೋಟೊ, ಅಳತೆ, ಸಿಕ್ಕಿದ ಊರು, ಇಷ್ಟನ್ನು ಇಟ್ಟುಕೊಂಡು ಬಲ್ಲವರನ್ನು ಕೇಳಿ. ಊರಿನ ಹೆಸರಿಲ್ಲದಿದ್ದರೆ ಬಲ್ಲವರಿಗೂ ಕಷ್ಟ.

ಕಾನೂನು

ಇದನ್ನು ಮುಂದೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ಕೆಲವು ಕಡಲ ಚಿಪ್ಪುಗಳೂ ಸೇರಿವೆ. ಕೊಂಬಿನ ಶಿರಸ್ತ್ರಾಣದಂಥ ಕ್ಯಾಸಿಸ್ ಕಾರ್ನ್ಯೂಟಾ, ತುತ್ತೂರಿಯಂಥ ಚರೋನಿಯಾ ಟ್ರೈಟೋನಿಸ್, ಕೊಠಡಿ ಕೊಠಡಿಯಾಗಿರುವ ನಾಟಿಲಸ್, ದೈತ್ಯ ಕಪ್ಪೆಚಿಪ್ಪಾದ ಟ್ರೈಡ್ಯಾಕ್ನಾದ ಜಾತಿಗಳು, ಬೆರಳು ಬೆರಳಾಗಿ ಚಾಚಿದ ಲ್ಯಾಂಬಿಸ್‌ನಲ್ಲಿ ಹಲವು, ಗೋವಾದ ಹಳೇ ಮನೆಗಳ ಕಿಟಕಿಗೆ ಹಾಕುತ್ತಿದ್ದ ಗಾಜಿನಂಥ ಚಪ್ಪಟೆ ಚಿಪ್ಪು. ಬಂಡೆ ಕಟ್ಟುವ ಹವಳ ಮತ್ತು ಸಮುದ್ರಕುದುರೆ ಕೂಡ ಪಟ್ಟಿಯಲ್ಲಿವೆ. ಇಂಥವು ವಾರಸುದಾರಿಕೆಯಲ್ಲಿ ಬಂದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ನೇಮಿಸಿದ ಅಧಿಕಾರಿಗೆ ಘೋಷಣೆ ಕೊಡಬೇಕು. ಮಾರುವ ಹಾಗಿಲ್ಲ.

ನಮ್ಮಲ್ಲಿ ಒಂದು ಕ್ಯಾಸಿಸ್ ಕಾರ್ನ್ಯೂಟಾ ಇತ್ತು. ಫೋಟೊ, ಅಳತೆ, ಚೀಟಿಯ ಜೆರಾಕ್ಸ್ ಇಟ್ಟು ಅರ್ಜಿ ಬರೆದು ಅರಣ್ಯ ಇಲಾಖೆಯ ಕಚೇರಿಗೆ ಕೊಟ್ಟೆ, ಸ್ವೀಕೃತಿ ಹಾಕಿಸಿಕೊಂಡು ಬಂದೆ. ಹಳೆಯದು ಅಂತ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಆದರೆ ಯಾವಾಗ, ಎಲ್ಲಿಂದ ಅಂತ ಹೇಳಲು ನನ್ನ ಹತ್ತಿರ 1963ರ ಚೀಟಿಯಿತ್ತು.

ತೊಳೆಯುವುದು, ಇಡುವುದು

ಹೆಚ್ಚಿನವಕ್ಕೆ ತೊಳೆಯುವುದೇ ಬೇಡ. ಒಣ ಪೇಂಟ್ ಬ್ರಷ್ ಸಾಕು. ಜಿಡ್ಡು ಇದ್ದರೆ ಡಿಸ್ಟಿಲ್ಡ್ ವಾಟರ್, ಮೆತ್ತನೆ ಟೂತ್‌ಬ್ರಷ್. ಅಷ್ಟೇ. ಹುಣಸೆಹಣ್ಣು, ನಿಂಬೆ, ವಿನಿಗರ್, ಬಾತ್‌ರೂಮ್ ಆಸಿಡ್ ಯಾವುದೂ ಹತ್ತಿರ ಬರಬಾರದು. ನಮ್ಮ ಜಿಲ್ಲೆಯಲ್ಲಿ ಹುಣಸೆಗೆ ಬರವಿಲ್ಲ, ಹಿತ್ತಾಳೆ ತಾಮ್ರ ಎಲ್ಲ ಅದರಲ್ಲೇ ಉಜ್ಜಿ ಅಭ್ಯಾಸ. ದೊಡ್ಡಮ್ಮ ಒಂದು ಹಬ್ಬಕ್ಕೆ ದೀಪದ ಕಂಬಗಳ ಜೊತೆ ಹುಲಿ ಕವಡೆಯನ್ನೂ ಹುಣಸೆಯಲ್ಲಿ ಉಜ್ಜಿದ್ದರು. ಕವಡೆಯ ಹುಳು ತನ್ನ ಮೈಯನ್ನೇ ಚಿಪ್ಪಿನ ಮೇಲೆ ಹೊದ್ದು, ಬದುಕಿರುವವರೆಗೂ ಆ ಹೊಳಪು ಕಟ್ಟುತ್ತಾ ಬಂದಿರುತ್ತೆ. ಅದು ಒಂದು ಬೆಳಿಗ್ಗೆಯಲ್ಲಿ ಹೋಯಿತು. ದೊಡ್ಡಪ್ಪ ಏನೂ ಅನ್ನಲಿಲ್ಲವಂತೆ. ಆ ಕವಡೆಯ ಚೀಟಿಯಲ್ಲಿ "ಹೊಳಪು ಹೋಗಿದೆ" ಅಂತ ಪೆನ್ಸಿಲಿನಲ್ಲಿ ಸೇರಿಸಿದ್ದಾರೆ.

ಕೊಬ್ಬರಿ ಎಣ್ಣೆ, ವಾರ್ನಿಷ್ ಕೂಡ ಬೇಡ. ಎಣ್ಣೆ ಕಮಟು ಹಿಡಿದು ಧೂಳು ಕೂರಿಸುತ್ತೆ, ವಾರ್ನಿಷ್ ಹಳದಿಯಾಗುತ್ತೆ. ಬಿಸಿಲು ಬೀಳುವ ಶೋಕೇಸಿನಲ್ಲಿ ಇಟ್ಟರೆ ಬಣ್ಣ ಮಾಸುತ್ತೆ.

ಇಡಲು ತಳದಲ್ಲಿ ತ್ರಿಕೋನದೊಳಗೆ 5 ಅಂತ ಗುರುತಿರುವ ಪ್ಲಾಸ್ಟಿಕ್ ಡಬ್ಬಿ ತೊಗೊಳ್ಳಿ, ಅದು ಪಾಲಿಪ್ರೊಪಿಲೀನ್. ಗಾಜು ಆಗುತ್ತೆ, ಸ್ಟೀಲ್ ಬೀರು ಆಗುತ್ತೆ. ಮುಚ್ಚಳಕ್ಕೆ ಎರಡು ಸಣ್ಣ ತೂತು ಹಾಕಿ, ಗಾಳಿಯಾಡಲಿ. ಕೆಳಗೆ ಹಾಸಲು ಹೊಸ ಟಿ.ವಿ. ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆ ಒಳ್ಳೆಯದು. ಹಳದಿ ಸ್ಪಂಜು ಕಾಲ ಕಳೆದಂತೆ ಪುಡಿಯಾಗಿ ಅಂಟುತ್ತೆ, ಬೇಡ. ರಬ್ಬರ್ ಬ್ಯಾಂಡ್, ಸೆಲ್ಲೋಟೇಪ್ ಕೂಡ ಬೇಡ. ಚೀಟಿಯನ್ನು ಪುಟ್ಟ ಜಿಪ್ ಕವರಿನಲ್ಲಿ ಹಾಕಿ ಅದೇ ಚಿಪ್ಪಿನ ಜೊತೆ ಇಡಿ. ಬೆಳ್ಳಿ ಬಣ್ಣದ ಪುಸ್ತಕದ ಹುಳು ಚಿಪ್ಪು ತಿನ್ನುವುದಿಲ್ಲ, ಕಾಗದ ತಿನ್ನುತ್ತೆ. ರೆಕಾರ್ಡ್ ರೂಮಿನಲ್ಲಿ ಅದರ ಕೆಲಸ ಬೇಕಾದಷ್ಟು ನೋಡಿದ್ದೇನೆ. ಜೂನ್‌ನಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಡಬ್ಬಿ ತೆಗೆದು ಮೂಸಿ ನೋಡಿ.

ತೇಗದ ಪೆಟ್ಟಿಗೆಯನ್ನು ನಾನು ಬಿಸಾಡಲಿಲ್ಲ. ಅದರಲ್ಲಿ ಈಗ ದಸರಾ ಗೊಂಬೆಗಳ ಬಟ್ಟೆ ಇದೆ.

ಕಳಚಿಹೋದ ಆ 23 ಚೀಟಿಗಳಲ್ಲಿ 18ಕ್ಕೆ ಚಿಪ್ಪು ಸಿಕ್ಕಿತು. ಕೆಲವು ಚೀಟಿಯ ಮಡಿಕೆ ಚಿಪ್ಪಿನ ಬಾಯಿಯ ಆಕಾರವನ್ನೇ ಹಿಡಿದಿತ್ತು, ಹಾಗೇ ಕೂರಿಸಿ ನೋಡಿದೆ. ಕೆಲವಕ್ಕೆ ಚಿಪ್ಪಿನ ಬಣ್ಣ ಅಂಟಿತ್ತು. ಎರಡರಲ್ಲಿ ದೊಡ್ಡಪ್ಪ ಅಂಗುಲದ ಅಳತೆ ಬರೆದಿದ್ದರು. ಖಚಿತವಾದದ್ದಕ್ಕೆ ರಿಜಿಸ್ಟರಿನಲ್ಲಿ ಸರಿ ಗುರುತು, ಊಹೆಗೆ ಪ್ರಶ್ನೆ ಗುರುತು. ಉಳಿದ ಐದನ್ನು ಯಾವುದಾದರೂ ಚಿಪ್ಪಿಗೆ ಅಂದಾಜಿನಲ್ಲಿ ಕಟ್ಟಬಹುದಿತ್ತು. ಕಟ್ಟಲಿಲ್ಲ. ಸುಳ್ಳು ಚೀಟಿ ಇರುವುದಕ್ಕಿಂತ ಚೀಟಿ ಇಲ್ಲದಿರುವುದು ವಾಸಿ. ಅವು ಬೇರೆ ಕವರಿನಲ್ಲಿವೆ, ರಿಜಿಸ್ಟರಿನ ಕೊನೆ ಪುಟದಲ್ಲಿ ನಕಲಿದೆ. ಒಂದರಲ್ಲಿ ಊರು ಪಾಂಬನ್, ತಾರೀಖು ಇಲ್ಲ. ಕೆಳಗೆ "ಮಳೆ, ಇವಳೂ ಬಂದಿದ್ದಳು" ಅಂತಿದೆ. ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರಿಗೆ ಆ ದಿನ ನೆನಪಿತ್ತು. ಚಿಪ್ಪು ಯಾವುದು ಅಂತ ನೆನಪಿರಲಿಲ್ಲ.